‘ಕಡಲಮೀನಿನ ಮರಿಗಳ ಆಹಾರ’: ಲೇಖಕರೊಬ್ಬರಿಗೆ ಉತ್ತರ

ಮಾನ್ಯರೇ,

ಚಿಂತಾಮಣಿಯಿಂದ ನೀವು ಕಳುಹಿಸಿದ ‘ಕಡಲಮೀನಿನ ಮರಿಗಳ ಆಹಾರ’ ಲೇಖನವನ್ನು ತುಮಕೂರಿನ ನಮ್ಮ ಕಚೇರಿಯಲ್ಲಿ ಎಲ್ಲರೂ ಓದಿದೆವು. ಈಗಿರುವಂತೆ ಅದನ್ನು ಪ್ರಕಟಿಸಲಾಗದು. ತಿದ್ದಿ ಬರೆದರೆ ಪ್ರಕಟಿಸಬೇಕೆಂಬ ಆಸೆ ನನಗಿರುವುದರಿಂದ ಕಾರಣಗಳನ್ನು ಬಿಡಿಸಿ ಹೇಳುತ್ತಿದ್ದೇನೆ.

ಸಮುದ್ರ ಸಂಪತ್ತನ್ನು ಹೊಗಳುವ ಮೊದಲ ಪುಟವನ್ನು ತೆಗೆದುಹಾಕಿ. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಡಪಂ ಕೇಂದ್ರವು 2010ರಲ್ಲಿ ದೇಶದಲ್ಲೇ ಮೊದಲ ಬಾರಿಗೆ ಕೋಬಿಯಾ ಎಂಬ ಕಡಲಮೀನಿನ ಮರಿಗಳನ್ನು ಉತ್ಪಾದಿಸಿದ ಸಂಗತಿ ನಿಮ್ಮ ನಾಲ್ಕನೆಯ ಪುಟದಲ್ಲಿ ಹೂತುಹೋಗಿದೆ. ಲೇಖನ ಅಲ್ಲಿಂದಲೇ ಶುರುವಾಗಲಿ.

ನನ್ನ ಮುಖ್ಯ ತಕರಾರು ಬೇರೆ. “ಮರಿಗಳಿಗೆ ಮೊದಲು ಜೀವಂತ ಆಹಾರ, ಆಮೇಲೆ ಒಣ ಆಹಾರ ಕೊಡುತ್ತಾರೆ” ಎಂದು ಒಂದೇ ವಾಕ್ಯದಲ್ಲಿ ದಾಟಿಹೋಗಿದ್ದೀರಿ. ಕೆರೆಗೆ ಕಾಟ್ಲಾ, ರೋಹು ಬಿಡುವ ನಮ್ಮ ಬಯಲುಸೀಮೆಯ ಓದುಗರು ಎಳೆಮರಿಗಳಿಗೆ ಕಡಲೆಕಾಯಿ ಹಿಂಡಿ, ಅಕ್ಕಿ ತೌಡಿನ ಪುಡಿ ಎರಚುವುದನ್ನು ನೋಡಿದವರು. ಕಡಲಮೀನಿಗೂ ಅದನ್ನೇ ಏಕೆ ಕೊಡಬಾರದೆಂದು ಅವರು ಕೇಳಿಯೇ ಕೇಳುತ್ತಾರೆ. ಉತ್ತರವನ್ನು ಹತ್ತಿರದಿಂದ ತೋರಿಸಿ. ಮೊಟ್ಟೆಯೊಡೆದ ಸುಮಾರು ಮೂರನೆಯ ದಿನ, ಹೊಟ್ಟೆಗಂಟಿದ ಹಳದಿಯ ಚೀಲ ಕರಗುತ್ತಿರುವಾಗ, ಮರಿಯ ಬಾಯಿ ತೆರೆಯುತ್ತದೆ. ಆ ಬಾಯಿಗೆ ಹಿಡಿಸುವುದು ಮಿಲಿಮೀಟರಿನ ಹತ್ತನೆಯ ಒಂದು ಭಾಗದಿಂದ ಕಾಲು ಭಾಗದಷ್ಟಿರುವ, ನೀರಿನಲ್ಲಿ ಈಜಾಡುವ ರೋಟಿಫರ್‌ನಂಥ ಸೂಕ್ಷ್ಮಜೀವಿ ಮಾತ್ರ. ಜಠರ ಇನ್ನೂ ಪೂರ್ತಿ ರೂಪುಗೊಂಡಿರುವುದಿಲ್ಲ, ಅಲುಗಾಡುವ ಆಹಾರವನ್ನಷ್ಟೇ ಮರಿ ಬೆನ್ನಟ್ಟುತ್ತದೆ. ಎರಚಿದ ಪುಡಿ ತಳಕ್ಕಿಳಿದು ಕೊಳೆತು, ನೀರಿನಲ್ಲಿ ಅಮೋನಿಯಾ ಏರಿ ಮರಿಗಳು ಸಾಯುತ್ತವೆ.

ರೋಟಿಫರ್ ಆದಮೇಲೆ ಮರಿಗಳಿಗೆ ಕೊಡುವ, ಉಪ್ಪುನೀರಿನ ಪುಟ್ಟ ಸಿಗಡಿಯಂಥ ಜೀವಿಯಾದ ಆರ್ಟೀಮಿಯಾವನ್ನು “ಸ್ವತಃ ಸಂಪೂರ್ಣ ಆಹಾರ” ಎಂದಿರುವುದು ತಪ್ಪು. ಕಡಲಮೀನಿನ ಮರಿಯ ಮಿದುಳು ಮತ್ತು ಕಣ್ಣಿನ ಬೆಳವಣಿಗೆಗೆ ಅತ್ಯಗತ್ಯವಾದ ಡಿಎಚ್‌ಎ ಎಂಬ ಕೊಬ್ಬಿನಾಮ್ಲ ಅದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದಕ್ಕಾಗಿಯೇ ಮೀನೆಣ್ಣೆಯಂಥ ಪೋಷಕಗಳನ್ನು ಮೊದಲು ಆರ್ಟೀಮಿಯಾಕ್ಕೆ ತಿನ್ನಿಸಿ, ಆಮೇಲೆ ಮರಿಗಳಿಗೆ ಕೊಡುತ್ತಾರೆ. ಆಗತಾನೇ ಮೊಟ್ಟೆಯಿಂದ ಹೊರಬಂದ ಆರ್ಟೀಮಿಯಾಕ್ಕೆ ಏನನ್ನೂ ತಿನ್ನಲಾಗದು. ಸುಮಾರು ಎಂಟು ಗಂಟೆ ಕಳೆದು ಒಮ್ಮೆ ಪೊರೆ ಬಿಟ್ಟ ಮೇಲಷ್ಟೇ ಅದು ತಿನ್ನತೊಡಗುತ್ತದೆ. ಮೀನುಮರಿ ಉತ್ಪಾದಿಸುವ ಹ್ಯಾಚರಿಯವರು ಗಡಿಯಾರ ನೋಡಿಕೊಂಡು ಕೆಲಸ ಮಾಡುವುದೇಕೆಂದು ಓದುಗನಿಗೆ ಇಲ್ಲಿ ಅರ್ಥವಾಗುತ್ತದೆ.

ಒಣ ಆಹಾರಕ್ಕೆ ಒಗ್ಗಿಸುವ ಭಾಗಕ್ಕೆ ಕನಿಷ್ಠ ಎರಡು ಪುಟ ಕೊಡಿ. ಎದೆಹಾಲು ಕುಡಿಸುತ್ತಲೇ ಮಗುವಿಗೆ ರಾಗಿ ಸರಿ ರೂಢಿಸುವಂತೆ, ಇಲ್ಲಿಯೂ ಕೆಲವು ದಿನ ಎರಡೂ ಜೊತೆಯಾಗಿ ಸಾಗಬೇಕು: ಹಸಿದ ಮರಿಗಳಿಗೆ ಮೊದಲು ಸಣ್ಣ ಕಾಳಿನ ಆಹಾರ, ಅನಂತರ ಆರ್ಟೀಮಿಯಾ, ಅದರ ಪ್ರಮಾಣವೂ ದಿನದಿನಕ್ಕೆ ಕಡಿಮೆ. ಅವಸರಪಟ್ಟರೆ ಒಗ್ಗಿದ ಮರಿ ದಪ್ಪವಾಗಿ ಒಗ್ಗದ್ದು ಬಡವಾಗುತ್ತದೆ. ಸೀಬಾಸ್ ಎಂಬ ಮೀನಿನಲ್ಲಿಯಂತೂ ದೊಡ್ಡದು ಚಿಕ್ಕದನ್ನು ನುಂಗುವುದರಿಂದ ಗಾತ್ರಕ್ಕನುಗುಣವಾಗಿ ಮರಿಗಳನ್ನು ಪದೇಪದೇ ಬೇರ್ಪಡಿಸಬೇಕಾಗುತ್ತದೆ.

ನಿಮ್ಮ ಲೇಖನದಲ್ಲಿ ನನಗೆ ಬಹಳ ಇಷ್ಟವಾದದ್ದು, ಬೆಳಗಿನ ಜಾವ ಗಾಜಿನ ಲೋಟದಲ್ಲಿ ತೊಟ್ಟಿಯ ನೀರನ್ನು ಬೆಳಕಿಗೆ ಹಿಡಿದು ರೋಟಿಫರ್ ಸಾಕಷ್ಟಿದೆಯೇ ಎಂದು ನೋಡುವ ಕೆಲಸಗಾರ. ಅವನನ್ನು ಎರಡೇ ಸಾಲಿನಲ್ಲಿ ಬಿಡಬೇಡಿ. ಇಡೀ ವಿವರಣೆ ಅವನ ಕೈಕೆಲಸದ ಜೊತೆಗೇ ಸಾಗಲಿ. ನೀವು ಕೊಟ್ಟಿರುವ ದಿನಗಳ ಲೆಕ್ಕ ಯಾವ ಮೀನಿನದೆಂದು ಎಲ್ಲಿಯೂ ಹೇಳಿಲ್ಲ. ಜಾತಿಯಿಂದ ಜಾತಿಗೆ ಅದು ಬದಲಾಗುತ್ತದೆ. ಆ ಹ್ಯಾಚರಿಯವರನ್ನೇ ಮತ್ತೊಮ್ಮೆ ಕೇಳಿ, ಮೀನಿನ ಹೆಸರಿನೊಡನೆ ಬರೆದು ಕಳುಹಿಸಿ.

ಇಂತಿ,
ಸಂಪಾದಕ