ಬಳ್ಳಿ ಕೀಳುವ ಮಾತು

ಊರು, ವಯಸ್ಸು, ಎಕರೆ ಲೆಕ್ಕ ಎಲ್ಲ ಬದಲಿಸಿದ್ದೇನೆ. ಗುರುತು ಸಿಗಬಾರದು.

ಧಾರವಾಡದಲ್ಲಿ ಆಪ್ತಸಮಾಲೋಚನೆ ಮಾಡುವ ನನ್ನ ಕೋಣೆಗೆ ಮೊದಲು ಬಂದವರು ತಾಯಿ. ಗದಗ ಸೀಮೆಯ ದ್ರಾಕ್ಷಿ ಬೆಳೆಗಾರರ ಮನೆ. ಗಂಡ, ಮಗ ಮಾತು ಬಿಟ್ಟು ನಾಲ್ಕು ತಿಂಗಳಾಗಿತ್ತು. ಒಂದೇ ಪಂಕ್ತಿಯಲ್ಲಿ ಉಣ್ಣಲು ಕೂತರೂ "ಅಪ್ಪಗ ಹೇಳು", "ನಿನ್ನ ಮಗಗ ಹೇಳು". "ನಾ ಏನ್ ಟಪಾಲ ಪೆಟ್ಟಿಗೇನ್ರಿ ಅಕ್ಕಾರ?" ಅಂದರು.

ಮಗ ಎರಡು ವರ್ಷ ಜರ್ಮನಿಯ ಮೋಸೆಲ್ ಕಣಿವೆಯಲ್ಲಿ, ಒಂದು ಕುಟುಂಬದ ವೈನರಿಯಲ್ಲಿ ದುಡಿದು ಬಂದಿದ್ದ. ಬಂದವನೇ ನಾಲ್ಕು ಎಕರೆ ಥಾಮ್ಸನ್, ಅಂದರೆ ತಿನ್ನುವ ದ್ರಾಕ್ಷಿಯ ಬಳ್ಳಿ, ಕಿತ್ತು ವೈನ್ ದ್ರಾಕ್ಷಿ ಹಚ್ಚುತ್ತೇನೆ, ಹೊಲದಲ್ಲೇ ವೈನರಿ ಕಟ್ಟುತ್ತೇನೆ ಎಂದ. ಅಪ್ಪ, "ಕೊರಳಾಗ ಲಿಂಗ ಇದ್ದವರ ಹೊಲದಾಗ ಶೆರೆ ಮಾಡ್ತೀಯೇನಲೇ?" ಎಂದವರು ಮತ್ತೆ ಬಾಯಿ ತೆರೆದಿರಲಿಲ್ಲ.

ಮಗನನ್ನು ಮಾತಾಡಲು ಬಿಟ್ಟೆ. ಕೇಳಲು ಖುಷಿಯಾಗುತ್ತಿತ್ತು, ಅದನ್ನು ಮುಚ್ಚಿಡುವುದೇಕೆ. ನಿಲ್ಲಲೂ ಕಷ್ಟವಾಗುವ ಕಡಿದಾದ ಇಳಿಜಾರು, ಹಗಲಿನ ಬಿಸಿಲು ಹೀರಿ ರಾತ್ರಿ ಬಳ್ಳಿಗೆ ಕಾವು ಕೊಡುವ ಹಲಗೆಗಲ್ಲು, ನಿಧಾನ ಹಣ್ಣಾಗುವುದರಿಂದ ಹುಳಿ ಕಳೆದುಕೊಳ್ಳದ ರೀಸ್ಲಿಂಗ್ ಎಂಬ ವೈನ್ ದ್ರಾಕ್ಷಿ. ಅಲ್ಲಿ ಚಳಿಗಾಲಕ್ಕೆ ಬಳ್ಳಿ ಮಲಗುತ್ತದೆ, ವರ್ಷಕ್ಕೊಂದೇ ಚಾಟ್ನಿ, ಅಂದರೆ ಬಳ್ಳಿ ಕತ್ತರಿಸುವ ಕೆಲಸ. ನಮ್ಮಲ್ಲಿ ಅದಕ್ಕೆ ನಿದ್ದೆಯೇ ಇಲ್ಲ, ಏಪ್ರಿಲ್‌ನಲ್ಲೊಂದು, ಅಕ್ಟೋಬರ್‌ನಲ್ಲೊಂದು. "ಅಲ್ಲಿ ಅಪ್ಪ ಮಗ ಕೂಡಿ ಕೂತು ನಿರ್ಧಾರ ಮಾಡ್ತಾರ್ರಿ. ನಮ್ಮಪ್ಪಗ ಅದೆಲ್ಲ ತಿಳಿಯೂದಿಲ್ಲ."

"ಆ ಮನ್ಯಾಗಿನ ಜಗಳ ಒಂದು ಹೇಳು ತಮ್ಮಾ" ಎಂದೆ. ಜಗಳವೇ ಇರಲಿಲ್ಲ ಎಂದ. ಕೂಲಿಗೆ ಹೋದವನು ಆ ಮನೆಯ ಊಟದ ಮೇಜು ಕಂಡಿರುತ್ತಾನೆ, ಅಡುಗೆಮನೆಯನ್ನಲ್ಲ. ಮುಂದಿನ ವಾರ ತಾನಾಗಿಯೇ ನೆನಪಿಸಿಕೊಂಡು ಬಂದ. ಅಲ್ಲಿನ ಅಜ್ಜ ಮಗನಿಗೆ ಎಲ್ಲ ಒಪ್ಪಿಸಿಯೂ ದಿನಾ ಸಂಜೆ ನೆಲಮಾಳಿಗೆಗಿಳಿದು ಪೀಪಾಯಿಗಳ ಮೇಲೆ ಸೀಮೆಸುಣ್ಣದಲ್ಲಿ ಏನೋ ಬರೆಯುತ್ತಿದ್ದ. ಬೆಳಿಗ್ಗೆ ಮಗ ಅದನ್ನು ಒರೆಸುತ್ತಿದ್ದ. "ನನಗ ಆವಾಗ ನಗು ಬರ್ತಿತ್ರಿ" ಎಂದು ಸುಮ್ಮನಾದ.

ಇಲ್ಲಿ ನಾನು ಅವಸರ ಮಾಡಿದೆ. ಇಬ್ಬರನ್ನೂ ಒಟ್ಟಿಗೆ ಕೂಡಿಸಿದೆ. ಐದೇ ನಿಮಿಷದಲ್ಲಿ ಯಜಮಾನರು ಟೊಪ್ಪಿಗೆ ಹಾಕಿಕೊಂಡು ಹೊರಟೇಬಿಟ್ಟರು.

ಅವರೊಬ್ಬರೇ ಮತ್ತೆ ಬರಲು ಮೂರು ವಾರ ಹಿಡಿಯಿತು. ಮೊದಲು ಲಿಂಗ, ಮಠ, ಊರ ಮಂದಿ. ಹಿಂದೆಂದಾದರೂ ವೈನಿಗೆ ಹಣ್ಣು ಕೊಟ್ಟಿದ್ದೀರಾ ಎಂದು ಕೇಳಿದೆ. ಮಾರುಕಟ್ಟೆ ಬಿದ್ದ ವರ್ಷ ಒಂದು ಗಾಡಿ ಕೊಟ್ಟಿದ್ದರಂತೆ. "ಹಣ್ಣ ಮಾರೇನಿ, ಮುಂದ ಅವರೇನ್ ಮಾಡ್ತಾರೋ ನನಗೇನ್ರಿ." ಸ್ವಲ್ಪ ಹೊತ್ತಿನ ಮೇಲೆ ದನಿ ಇಳಿಯಿತು: "ದ್ರಾಕ್ಷಿ ಪಡ ಕೀಳ್ತೀನಿ ಅಂದ. ಡಾಗ್ರಿಜ್ ಅನ್ನೂ ತಳಿ ಬೇರಿಗೆ ಒಂದೊಂದಕ್ಕೂ ಕಸಿ ಕಟ್ಟಿದಾವ ನಾನು. ಬರ ಬಿದ್ದಾಗ ಟ್ಯಾಂಕರ್ ನೀರು ಹಾಕಿ ಉಳಿಸೇನಿ. ಕೀಳಲೇನು ಅಂತ ಕೇಳಲಿಲ್ಲ ಅಂವ, ಕೀಳ್ತೀನಿ ಅಂದ."

ಇದನ್ನು ಅವರ ಅನುಮತಿ ಪಡೆದೇ ಮಗನಿಗೆ ತಿಳಿಸಿದೆ. ಜೊತೆಗೊಂದು ಎಚ್ಚರಿಕೆ: ಆ ಒಂದು ಗಾಡಿ ಹಣ್ಣಿನ ವಿಷಯ ಎತ್ತಿ ಅಪ್ಪನನ್ನು ಚುಚ್ಚಬೇಡ. ಅವರ ನಂಬಿಕೆ ಸುಳ್ಳಲ್ಲ, ಅದರ ಕೆಳಗೆ ಇನ್ನೊಂದು ನೋವಿದೆ, ಅಷ್ಟೇ.

ಮಗನ ಕುಡಿತದ ಬಗ್ಗೆಯೂ ನೇರವಾಗಿ ಕೇಳಿದೆ. ವೈನರಿಯಲ್ಲಿ ರುಚಿ ನೋಡಿ ಉಗುಳುತ್ತಾರೆ; ಇವನು ಊರಿಗೆ ಬಂದ ಮೇಲೆ ನಿದ್ದೆಗಾಗಿ ರಾತ್ರಿ ಒಬ್ಬನೇ ಕುಡಿಯುತ್ತಿದ್ದ. ಬಾಟಲಿಗಳು ತಾಯಿಗೆ ಗೊತ್ತಿದ್ದವು. ಇದನ್ನು ಬದಿಗಿಟ್ಟು ಉಳಿದ ಮಾತು ಸಾಧ್ಯವಿರಲಿಲ್ಲ. ಇಲ್ಲಿನ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಮನೋವೈದ್ಯರನ್ನು ಕಾಣಲು ಕಳಿಸಿದೆ. ರಾತ್ರಿ ಮನಸ್ಸು ಕೆಟ್ಟರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡು ಎಂದೆ.

ತಾಯಿಗೆ ಹೇಳಿದ್ದು ಒಂದೇ, ಇವತ್ತಿನಿಂದ ಮಾತು ಒಯ್ಯಬೇಡಿ. ಮೊದಲ ವಾರ ಮಗ ಅಪ್ಪನ ಮಗ್ಗುಲಲ್ಲಿದ್ದ ಉಪ್ಪು ಕೇಳಲಾರದೆ ಸಪ್ಪೆ ಸಾರು ಉಂಡನಂತೆ.

ಮಗನಿಗೆ: ಹೊಲ ಒತ್ತೆಯಿಟ್ಟು ಸಾಲ ತೆಗೆಯಬೇಡ. ವೈನರಿಗೆ ಅಬಕಾರಿ ಪರವಾನಗಿ ಬೇಕು, ಹೊಸ ಬಳ್ಳಿ ಸರಿಯಾಗಿ ಫಲ ಕೊಡಲು ಮೂರು ವರ್ಷವಾದರೂ ಬೇಕು. ಅಲ್ಲಿಯವರೆಗೆ ಮನೆ ನಡೆಸುವುದು ನೀನು ಕೀಳಬೇಕೆಂದಿರುವ ಆ ಥಾಮ್ಸನ್ನೇ. ರೀಸ್ಲಿಂಗ್ ನಮ್ಮ ಬಿಸಿಲಿಗೆ ಹುಳಿ ಉಳಿಸಿಕೊಳ್ಳುವುದಿಲ್ಲ ಎಂದು ಅವನೇ ಒಪ್ಪಿ, ಶಿರಾಜ್ ಎಂಬ ಇನ್ನೊಂದು ವೈನ್ ತಳಿಯ ಮಾತೆತ್ತಿದ. ತಳಿ ನನ್ನ ವಿದ್ಯೆಯಲ್ಲ, ಬಾಗಲಕೋಟೆಯ ತೋಟಗಾರಿಕೆ ವಿಶ್ವವಿದ್ಯಾಲಯದವರನ್ನು ಕೇಳು, ಹೋಗುವಾಗ ಅಪ್ಪನನ್ನೂ ಕರಕೊಂಡು ಹೋಗು ಎಂದೆ. ಅದಕ್ಕೂ ಮೊದಲು ಅಕ್ಟೋಬರ್ ಚಾಟ್ನಿಗೆ ಕತ್ತರಿ ಹಿಡಿದು ಅಪ್ಪನ ಕೈಕೆಳಗೆ ಆಳಾಗಿ ನಿಲ್ಲು; ಮೋಸೆಲ್ ಹೆಸರು ಎತ್ತಬೇಡ.

ನಿಂತ. ಮೂರನೇ ದಿನ ಅಪ್ಪನೇ, ಯಾರಿಗೋ ಹೇಳುವವರಂತೆ, "ಬೇರು ಹಂಗ ಇಟ್ಟು ಮ್ಯಾಲಿನ ಕಸಿ ಬದಲಿ ಮಾಡಬಹುದು" ಅಂದರಂತೆ.

ಮಗ ಕೇಳಿದ್ದು ಒಂದು ಎಕರೆ, ಸಿಕ್ಕಿದ್ದು ಹನ್ನೊಂದು ಸಾಲು. ಅದಕ್ಕೆ ಇನ್ನೂ ಮುಖ ಊದಿಸಿಕೊಂಡಿದ್ದಾನೆ. ಅಪ್ಪನ ಬಾಯಲ್ಲಿ ಅದು ಈಗಲೂ "ಶೆರೆ ಸಾಲು". ಹೋದ ವಾರ ತಾಯಿ ಫೋನ್ ಮಾಡಿದ್ದರು: ಉಪ್ಪನ್ನು ಈಗ ಅವನೇ ಕೇಳಿ ಇಸಗೋತಾನಂತೆ.