ತೋಟದ ಮನೆ ಗೋಡೆ ಸಿಂಗಾರ: ಮೊದಲು ಗೆದ್ದಲಿನ ಲೆಕ್ಕ ಹಾಕಿ

ತಂಗಿ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ಉತ್ತರ ಉದ್ದ ಆಗುತ್ತದೆ ಅಂತ ಇವತ್ತು ಮಧ್ಯಾಹ್ನ ಕೂತು ಬರೆಯುತ್ತಿದ್ದೇನೆ. ಹೊಸದುರ್ಗದ ಹತ್ತಿರ ಅಪ್ಪನ ತೆಂಗಿನ ತೋಟದಲ್ಲಿ 12 ಅಡಿಗೆ 18 ಅಡಿಯ ಒಂದು ರೂಮು ಕಟ್ಟಿಸಿದ್ದೀರಿ. ಒಳಗೆ ಗಾರೆ ಆಗಿದೆ, ಬಣ್ಣ ಆಗಿಲ್ಲ, ಮೇಲೆ ಶೀಟು. ಕಾಡಿನ ಮನೆಯ ಹಾಗೆ ಬೆಚ್ಚಗೆ ಕಾಣಬೇಕು, ಗೋಡೆಗೆ ಏನು ಹಾಕಲಿ, ಹಳೇ ಮರದ ಸಾಮಾನು ಎಲ್ಲಿ ಸಿಗುತ್ತದೆ ಅಂತ ಕೇಳಿದ್ದೀರಿ. ಅದಕ್ಕೆ ಆಗಲೇ ಒಬ್ಬರು ಉತ್ತರ ಬರೆದು, ಕಾಡಿನ ಚಿತ್ರದ ವಾಲ್‌ಪೇಪರ್ ಅಂಟಿಸಿ, ಒಂದು ದಿನದ ಕೆಲಸ ಅಂದಿದ್ದಾರೆ. ಅಂಟಿಸುವುದಕ್ಕೆ ಒಂದು ದಿನ ಸಾಕು, ನಿಜ. ಕೀಳುವುದಕ್ಕೆ ನನಗೆ ಮೂರು ದಿನ ಹಿಡಿಯಿತು.

ನಮ್ಮದು ಹೊಳಲ್ಕೆರೆ ಕಡೆ ಅಡಿಕೆ ತೋಟ. ಬೋರಿನ ನೀರು ಗಡಸು. ಅದೇ ನೀರಿನಲ್ಲಿ ಗಾರೆ ಕಲಸಿದ್ದು, ಅದೇ ನೀರನ್ನು ಕ್ಯೂರಿಂಗಿಗೂ ಹೊಡೆದದ್ದು. ಮೊದಲ ಮಳೆಗಾಲ ಮುಗಿಯುವಷ್ಟರಲ್ಲಿ ವಾಲ್‌ಪೇಪರ್ ಕೆಳಗಿನ ಎರಡಡಿ ಉಬ್ಬಿಕೊಂಡಿತು. ಕಿತ್ತು ನೋಡಿದರೆ ಹಿಂದೆ ಬಿಳಿ ಉಪ್ಪು ಹುಡಿಹುಡಿಯಾಗಿ ಎದ್ದಿದೆ, ಅದರ ಪಕ್ಕದಲ್ಲೇ ಗೆದ್ದಲಿನ ಮಣ್ಣಿನ ಸಾಲು. ಕಾಗದ ಅಂದರೆ ಗೆದ್ದಲಿಗೆ ಹೋಳಿಗೆ ಊಟ. ಅವತ್ತಿನಿಂದ ನನ್ನ ಲೆಕ್ಕ ಇಷ್ಟೇ: ಚೆಂದ ಆಮೇಲೆ ನೋಡೋಣ, ಮೊದಲು ಉಳಿಯುತ್ತಾ ನೋಡೋಣ.

ಹಾಗಾಗಿ ಗೋಡೆಗೆ ಏನು ಹಾಕಲಿ ಅನ್ನುವ ಮೊದಲು ಗೋಡೆಯನ್ನೇ ಸರಿ ಮಾಡಿ. ಬಣ್ಣ ಆಗಿಲ್ಲ ಅಂದಿರಲ್ಲ, ಅದು ನಿಮ್ಮ ಪುಣ್ಯ. ಪುಟ್ಟಿ, ಪ್ರೈಮರ್, ಪ್ಲಾಸ್ಟಿಕ್ ಪೇಂಟ್ ಯಾವುದೂ ಬೇಡ. ಸುಣ್ಣ ಹೊಡೆಸಿ. ಸುಣ್ಣ ಚೆನ್ನಾಗಿ ಹಿಡಿಯುವುದು ಬರಿ ಗಾರೆಯ ಮೇಲೆ. ಪೇಂಟ್ ಆದ ಗೋಡೆಗೆ ಹೊಡೆದರೆ ಹಕ್ಕಳೆಯಾಗಿ ಉದುರುತ್ತದೆ. ಗೋಡೆಯಲ್ಲಿ ಉಪ್ಪು ಎದ್ದಿದ್ದರೆ ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಯಿರಿ. ನೀರು ಹಾಕಿ ತೊಳೆದರೆ ಕರಗಿ ಮತ್ತೆ ಒಳಗೇ ಹೋಗುತ್ತದೆ.

ಸುಟ್ಟ ಸುಣ್ಣದ ಕಲ್ಲು ತಂದು ನೀವೇ ನೀರಿನಲ್ಲಿ ಅರಳಿಸಿ, ಪ್ಯಾಕೆಟ್ ಪುಡಿಗಿಂತ ಎಷ್ಟೋ ವಾಸಿ. ಕಬ್ಬಿಣದ ಡ್ರಮ್ಮಿನಲ್ಲಿ ಮಾಡಿ, ಪ್ಲಾಸ್ಟಿಕ್ ಬಕೆಟ್ ಆ ಕಾವಿಗೆ ಸೊಟ್ಟಗಾಗುತ್ತದೆ. ಮೊದಲು ನೀರು ಹಾಕಿ, ಆಮೇಲೆ ಕಲ್ಲನ್ನು ಸ್ವಲ್ಪ ಸ್ವಲ್ಪವಾಗಿ ಬಿಡಬೇಕು. ಉಲ್ಟಾ ಮಾಡಿದರೆ ಕುದಿದು ಮುಖಕ್ಕೆ ಸಿಡಿಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ಹತ್ತಿರ ಬರಬಾರದು. ಎರಡು ದಿನ ಹಾಗೇ ಬಿಟ್ಟು, ಹಳೇ ಪಂಚೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿಕೊಳ್ಳಿ. ಗೋಡೆಗೆ ನೀರು ಚಿಮುಕಿಸಿ ಆಮೇಲೆ ಹೊಡೆಯಿರಿ. ಹೊಡೆಯುವಾಗ ಏನೂ ಕಾಣುವುದಿಲ್ಲ, ಒಣಗಿದ ಮೇಲೆ ಬೆಳ್ಳಗಾಗುತ್ತದೆ. ಇದು ಗೊತ್ತಿಲ್ಲದೆ ಎಲ್ಲರೂ ಮೊದಲ ಸಲ ದಪ್ಪ ಹೊಡೆಯುತ್ತಾರೆ, ಆಮೇಲೆ ಬಿರುಕು ಬಿಟ್ಟಿತು ಅಂತ ಸುಣ್ಣವನ್ನು ಬೈಯುತ್ತಾರೆ. ತೆಳ್ಳಗೆ ಮೂರು ಸಲ, ನಡುವೆ ಒಂದೊಂದು ದಿನ ಬಿಡಿ.

ನೆಲದಿಂದ ಮೂರಡಿ ಎತ್ತರಕ್ಕೆ ಕೆಮ್ಮಣ್ಣಿನ ಪಟ್ಟೆ ಬಳಿಯಿರಿ. ಕೂತವರ ತಲೆ, ಬೆನ್ನು ತಾಗುವ ಜಾಗ ಅದು, ಕೊಳೆ ಗೊತ್ತಾಗುವುದಿಲ್ಲ. ಕೆಮ್ಮಣ್ಣನ್ನು ನೀರಿನಲ್ಲಿ ಕದಡಿ, ಕಲ್ಲು ತಳಕ್ಕೆ ಕೂತ ಮೇಲೆ ಮೇಲಿನ ಬಗ್ಗಡ ಮಾತ್ರ ತೆಗೆದುಕೊಳ್ಳಿ. ಬರಿ ಮಣ್ಣು ಬಳಿದರೆ ಒರಗಿದವರ ಅಂಗಿಯೆಲ್ಲ ಕೆಂಪಾಗುತ್ತದೆ. ಜಾಲಿ ಮರದ ಅಂಟನ್ನು ರಾತ್ರಿ ನೆನೆಹಾಕಿ, ಬೆಳಿಗ್ಗೆ ಕಲಸಿ ಹಚ್ಚಿ. ಬಿಳಿ ಗೋಡೆ, ಕೆಂಪು ಪಟ್ಟೆ. ಇಷ್ಟಾದ ಮೇಲೆ ರೂಮಿನ ನಡುವೆ ನಿಂತು ನೋಡಿ, ಅರ್ಧ ಕೆಲಸ ಮುಗಿದಿರುತ್ತದೆ.

ಚಿತ್ರ ಬೇಕೇ ಬೇಕು ಅಂದರೆ ಆ ಕೆಂಪು ಪಟ್ಟೆಯ ಮೇಲೆಯೇ ಬರೆಸಿ. ಸಾಗರದ ಕಡೆ ದೀವರ ಮನೆಗಳ ಹಸೆ ಚಿತ್ತಾರ ನೋಡಿದ್ದೀರಿ ಅಲ್ವಾ? ಕೆಮ್ಮಣ್ಣಿನ ಗೋಡೆಗೆ ಅಕ್ಕಿ ಹಿಟ್ಟಿನ ಬಿಳಿ, ಕರಕಲಾಗುವಷ್ಟು ಹುರಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ, ಪುಂಡಿ ನಾರಿನ ಕುಂಚ. ಎಲ್ಲವೂ ಮನೆ ಸುತ್ತಲಿನದೇ. ಭೂಮಿ ಹುಣ್ಣಿಮೆಗೆ ಅವರು ಬುಟ್ಟಿಗೂ ಕೆಮ್ಮಣ್ಣು ಬಳಿದು ಹಾಗೇ ಚಿತ್ತಾರ ಬರೆಯುತ್ತಾರೆ. ಅದು ಇಷ್ಟವಾದರೆ ಬರೆಯುವವರನ್ನೇ ಕರೆಸಿ ಬರೆಸಿ, ಇಲ್ಲ ಅವರಿಂದ ಬುಟ್ಟಿ ಕೊಂಡು ತನ್ನಿ. ಅದನ್ನು ಸ್ಟಿಕರ್ ಮಾಡಿಸಿ ಅಂಟಿಸಬೇಡಿ, ನನಗಂತೂ ಅದು ಸರಿ ಕಾಣುವುದಿಲ್ಲ.

ನಾನು ಬೇರೆ ಮಾಡಿದೆ. ನಮ್ಮ ದೊಡ್ಡಮ್ಮನಿಗೆ ಅಕ್ಕಿ ಹಿಟ್ಟು ಕಲಸಿ ಕೊಟ್ಟು, ಹೊಸಲಿಗೆ ಬರೆಯುವ ಹಾಗೆ ಇಲ್ಲೂ ಬರೆ ಅಂದೆ. ಒಂದು ಬೆಳಿಗ್ಗೆಯಲ್ಲಿ ಬಳ್ಳಿ, ಜೋಳದ ತೆನೆ, ತೆಂಗಿನ ಮರ, ಎರಡು ನವಿಲು ಬರೆದರು. ಒಂದು ನವಿಲು ಕೋಳಿಯ ಹಾಗೆ ಬಂದಿದೆ. ಕೇಳಿದರೆ ಅದು ಕೋಳಿಯೇ ಅಂದರು. ಅಕ್ಕಿ ಹಿಟ್ಟಿಗೆ ಇರುವೆ ಬರುತ್ತದೆ, ಅದಕ್ಕೆ ಹಿಟ್ಟಿಗೆ ಸ್ವಲ್ಪ ಸುಣ್ಣ ಸೇರಿಸಿ ಕಲಸಿ.

ಈಗ ತೂಗುಹಾಕುವ ಸಾಮಾನು. ನಿಮ್ಮ ಉದ್ದ ಗೋಡೆಗೆ ಒಂದು ಚಳ್ಳಕೆರೆ ಕಂಬಳಿ ಸಾಕು. ಕುರಿಯ ಉಣ್ಣೆಯ ಬಣ್ಣವೇ ಇರುವ ಕರಿ ಕಂಬಳಿ, ಅಂಚಿಗೆ ಬಿಳಿ ಗೆರೆ ಇದ್ದರೆ ಇನ್ನೂ ಚೆಂದ. ಶೀಟಿನ ರೂಮಿನಲ್ಲಿ ಮಾತಾಡಿದರೆ ಗಂಯ್ ಅನ್ನುತ್ತದೆ, ಕಂಬಳಿ ಆ ಸದ್ದನ್ನು ಹೀರಿಕೊಳ್ಳುತ್ತದೆ. ನೇಯುವಾಗ ಹುಣಸೆ ಬೀಜದ ಗಂಜಿ ಹಾಕಿರುತ್ತಾರೆ, ಅದಕ್ಕೇ ಹೊಸತು ಬಿರುಸಾಗಿರುತ್ತದೆ. ತೇವ ತಗುಲಿದರೆ ಹುಳುವಿಗೂ ಆ ಗಂಜಿ ಇಷ್ಟ. ಹಾಗಾಗಿ ಗೋಡೆಗೆ ಒತ್ತಿ ಮೊಳೆ ಹೊಡೆಯಬೇಡಿ. ಮೇಲೆ ಒಂದು ಬಿದಿರಿನ ಕೋಲಿಗೆ ಇಳಿಬಿಡಿ. ತಿಂಗಳಿಗೊಮ್ಮೆ ಬಿಸಿಲಿಗೆ ಹಾಕಿ ಕೊಡವಿದರೆ ನುಸಿ ಹಿಡಿಯುವುದಿಲ್ಲ. ಇನ್ನೊಂದು ಮಾತು, ಕಂಬಳಿ ಗದ್ದುಗೆ ಹಾಕಿ ಪೂಜೆ ಮಾಡುವ ಊರು ನಮ್ಮದು. ಬಾಗಿಲ ಬಳಿ ಕಾಲೊರೆಸುವ ಹಾಗೆ ಹಾಸಿದರೆ ಊರಿನವರು ಬಾಯಿಬಿಟ್ಟು ಹೇಳದಿದ್ದರೂ ಬೇಜಾರು ಮಾಡಿಕೊಳ್ಳುತ್ತಾರೆ.

ಎಲೆಯ ಚಿತ್ರದ ಫ್ರೇಮು ತೋರಿಸಿದ್ದಿರಿ. ದುಡ್ಡು ಕೊಟ್ಟು ತರಿಸಬೇಡಿ. ಬಲಿತ ಅರಳಿ ಎಲೆಗಳನ್ನು ಅಗಲ ಪಾತ್ರೆಯ ನೀರಿನಲ್ಲಿ ಮೂರು ನಾಲ್ಕು ವಾರ ಮುಳುಗಿಸಿಡಿ. ಗಬ್ಬು ನಾರುತ್ತದೆ, ಮನೆಯಿಂದ ದೂರ ಇಡಿ. ಎಲೆಯ ಮಾಂಸ ಕೊಳೆತ ಮೇಲೆ ಹಳೇ ಟೂತ್‌ಬ್ರಷ್‌ನಲ್ಲಿ ಮೆಲ್ಲಗೆ ಉಜ್ಜಿದರೆ ನರದ ಜಾಲ ಮಾತ್ರ ಉಳಿಯುತ್ತದೆ. ಹತ್ತರಲ್ಲಿ ಮೂರು ಹರಿಯುತ್ತವೆ, ಅದಕ್ಕೆ ಜಾಸ್ತಿ ಹಾಕಿ. ಒಣಗಿಸಿ ಎರಡು ಗಾಜಿನ ನಡುವೆ ಇಟ್ಟು, ಅಲ್ಯೂಮಿನಿಯಂ ಅಂಚು ಕಟ್ಟಿಸಿ ಕಿಟಕಿಗೆ ತೂಗುಹಾಕಿ. ಹಿಂದಿನಿಂದ ಬೆಳಕು ಬಿದ್ದಾಗ ನೋಡಬೇಕು ಅದನ್ನು. ಗಾಜು, ಅಲ್ಯೂಮಿನಿಯಂ ಎರಡನ್ನೂ ಗೆದ್ದಲು ತಿನ್ನುವುದಿಲ್ಲ ಅನ್ನುವುದು ನನ್ನ ಸಂತೋಷ.

ಹೊಂಗೆ, ಬೇವು, ಸೀತಾಫಲದ ಎಲೆಗಳನ್ನು ಹಾಗೇ ಬೇಕು ಅಂದರೆ ದಿನಪತ್ರಿಕೆಯ ನಡುವೆ ಇಟ್ಟು ಮೇಲೆ ಕಲ್ಲು ಹೇರಿ. ಮೊದಲ ವಾರ ದಿನಾ ಕಾಗದ ಬದಲಿಸದಿದ್ದರೆ ಬೂಸ್ಟು ಬರುತ್ತದೆ. ಬಿಸಿಲು ಬೀಳುವ ಗೋಡೆಗೆ ಹಾಕಿದರೆ ಬಣ್ಣ ಹೋಗುತ್ತದೆ.

ಅಡಿಕೆ ಹಾಳೆ ಬೇಕಿದ್ದರೆ ಹೊಳಲ್ಕೆರೆಗೆ ಬನ್ನಿ, ಚನ್ನಗಿರಿ ಕಡೆಯೂ ಸಿಗುತ್ತದೆ. ಅರ್ಧ ಗಂಟೆ ನೀರಿನಲ್ಲಿ ನೆನೆಸಿ, ಚಪ್ಪಡಿ ಕಲ್ಲಿನ ಕೆಳಗೆ ಇಟ್ಟರೆ ಒಣಗುವಾಗ ಚಪ್ಪಟೆಯಾಗುತ್ತದೆ. ಅದರ ಮೇಲೆ ಮಕ್ಕಳಿಗೆ ಬಣ್ಣ ಹಚ್ಚಲು ಕೊಡಿ. ಮಳೆಗಾಲದಲ್ಲಿ ಬೂಸ್ಟು ಬಂದರೆ ಎಸೆದು ಬೇರೆ ಹಾಕಿದರಾಯಿತು, ಕಾಸಿನ ಖರ್ಚಿಲ್ಲ.

ಹಳೇ ಮರಕ್ಕೆ ಬರೋಣ. ನೊಗ, ಕೂರಿಗೆ, ಮೊರ, ಸೇರು, ಕಂದೀಲು ಇವನ್ನೆಲ್ಲ ಕೊಳ್ಳುವ ಮೊದಲು ನಿಮ್ಮ ಅಪ್ಪನ ಹಳೇ ಮನೆಯ ಅಟ್ಟ ಹತ್ತಿ ನೋಡಿ. ಅಲ್ಲಿ ಇಲ್ಲದಿದ್ದರೆ ದಾವಣಗೆರೆಯಲ್ಲಿ ಕೆಡವಿದ ಮನೆಗಳ ಮರ ಮಾರುವ ಅಂಗಡಿಗಳು, ಗುಜರಿಗಳು ಇವೆ. ತೇಗ, ಹೊನ್ನೆಯ ಬಾಗಿಲ ಚೌಕಟ್ಟು ಸಿಗುತ್ತದೆ. ಕೊಳ್ಳುವಾಗ ಉಗುರಲ್ಲಿ ಒತ್ತಿ ನೋಡಿ, ಬಡಿದು ನೋಡಿ. ಸಣ್ಣ ತೂತುಗಳಿಂದ ಹಿಟ್ಟು ಉದುರಿದರೆ ಒಳಗೆ ಹುಳು ಇನ್ನೂ ಊಟ ಮಾಡುತ್ತಿದೆ ಅಂತ ಅರ್ಥ, ವಾಪಸ್ ಇಡಿ.

ತಂದ ಮರವನ್ನು ಉಜ್ಜಿ, ನಾಲ್ಕು ದಿನ ಬಿಸಿಲಿಗೆ ಹಾಕಿ, ಅಂಗಡಿಯಲ್ಲಿ ಸಿಗುವ ಕಾಯಿಸಿದ ಅಗಸೆ ಎಣ್ಣೆ (ಬಾಯ್ಲ್ಡ್ ಲಿನ್‌ಸೀಡ್ ಆಯಿಲ್) ತೆಳ್ಳಗೆ ಹಚ್ಚಿ. ಇಪ್ಪತ್ತು ನಿಮಿಷ ಬಿಟ್ಟು ಹೆಚ್ಚಿದ್ದನ್ನು ಒರೆಸಿ. ವಾರ್ನಿಷ್‌ನ ಮಿಣಮಿಣ ಇರುವುದಿಲ್ಲ, ಮರ ಮರದ ಹಾಗೇ ಕಾಣುತ್ತದೆ. ಇಲ್ಲಿ ಒಂದು ಮಾತು ದಯವಿಟ್ಟು ನೆನಪಿಡಿ. ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯಾಗಿದ್ದರೆ ಬೆಂಕಿಯೇ ಹತ್ತಬಹುದು. ಹೊರಗೆ ಬೇಲಿ ಮೇಲೆ ಹರಡಿ ಒಣಗಿಸಿ, ಇಲ್ಲ ನೀರಿನಲ್ಲಿ ಅದ್ದಿ ಇಡಿ.

ಎತ್ತಿನ ಗಾಡಿ ಚಕ್ರ ಒಂದಿದೆ ಅಂದಿದ್ದೀರಿ. ನಮ್ಮಲ್ಲೂ ಇತ್ತು. ತಾತನ ಕಾಲದ್ದು, ಅಚ್ಚುಕಟ್ಟಾಗಿ ಗೋಡೆಗೆ ಒರಗಿಸಿಟ್ಟು ಫೋಟೋ ತೆಗೆದುಕೊಂಡೆವು. ವರ್ಷದ ಮೇಲೆ ಸರಿಸಿ ನೋಡಿದರೆ ಮುಂದಿನ ಮುಖ ಹಾಗೇ ಇದೆ, ಹಿಂದೆ ಟೊಳ್ಳು. ಗೆದ್ದಲು ನೆಲದಿಂದ ಬೆಳಕಿಲ್ಲದ ದಾರಿಯಲ್ಲಿ ಬರುತ್ತದೆ. ಮರ ನೆಲ ಮುಟ್ಟಬಾರದು, ಗೋಡೆಗೂ ಅಂಟಬಾರದು. ಕೆಳಗೆ ಕಲ್ಲಿನ ದಿಂಡು ಇಡಿ, ಹಿಂದೆ ಒಂದೆರಡು ಇಂಚು ಸಂದು ಬಿಡಿ, ಪೊರಕೆ ಆಡುವಷ್ಟು. ಆಗ ಮಣ್ಣಿನ ಸಾಲು ಎದ್ದರೆ ಕಣ್ಣಿಗೆ ಬೀಳುತ್ತದೆ, ಅವತ್ತೇ ಕೆರೆದು ಹಾಕಬಹುದು. ಮಲಗುವ ರೂಮಿನೊಳಗೆ ತೋಟಕ್ಕೆ ಹೊಡೆಯುವ ಔಷಧಿ ಮಾತ್ರ ಸಿಂಪಡಿಸಬೇಡಿ.

ಬಿದಿರು ಬಳಸುವುದಾದರೆ ಮೂರು ವರ್ಷ ದಾಟಿ ಬಲಿತದ್ದು ಇರಲಿ. ಬೋರಾಕ್ಸ್ ಮೂರು ಪಾಲು, ಬೋರಿಕ್ ಆಸಿಡ್ ಎರಡು ಪಾಲು, ಎರಡೂ ಸೇರಿ 100 ಲೀಟರ್ ನೀರಿಗೆ 5 ಕೆಜಿ. ಗಿಣ್ಣಿನ ನಡುವಿನ ತಡಿಕೆ ತೂತು ಮಾಡಿ ಒಂದು ವಾರ ಮುಳುಗಿಸಿಟ್ಟರೆ ಹುಳು ಬೀಳುವುದಿಲ್ಲ. ಅಡಿಕೆ ದಬ್ಬೆ, ಅಂದರೆ ಸೀಳಿದ ಅಡಿಕೆ ಮರವಾದರೆ ಒಳಗಿನ ಮೆತ್ತನೆ ತಿರುಳನ್ನು ಪೂರ್ತಿ ಕೆತ್ತಿ ತೆಗೆಯಬೇಕು, ಹುಳು ಶುರುವಾಗುವುದೇ ಅಲ್ಲಿಂದ. ಶೀಟಿನ ಕೆಳಗೆ ಅರ್ಧ ಅಡಿ ಬಿಟ್ಟು ದಬ್ಬೆಯ ಅಥವಾ ಬಿದಿರು ತಟ್ಟಿಯ ಒಳಮಾಡು ಕಟ್ಟಿಸಿ. ಏಪ್ರಿಲ್ ಸೆಕೆಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಅಡುಗೆ ಒಲೆ ಮಾತ್ರ ಹೊರಗಿರಲಿ.

ಲೈಟು ಹಳದಿ ಬಲ್ಬು ಹಾಕಿಸಿ, ಬಿಳಿ ಟ್ಯೂಬ್‌ಲೈಟ್ ಹಾಕಿದರೆ ಇಷ್ಟೆಲ್ಲ ಮಾಡಿದ್ದೂ ಆಫೀಸಿನ ಹಾಗೆ ಕಾಣುತ್ತದೆ. ಹಳದಿಗೆ ಹುಳವೂ ಕಡಿಮೆ.

ನೀವು ಉಳಿಸಿಕೊಂಡ ಫೋಟೋಗಳಲ್ಲಿ ಜಿಂಕೆಯ ತಲೆ, ಕೊಂಬು ಇವೆ. ಅದು ಬೇಡವೇ ಬೇಡ. ಹಳೇ ಮನೆಯದು, ತಾತನದು ಅಂತ ಯಾರಾದರೂ ಕೊಟ್ಟರೂ ತರಬೇಡಿ. 1972ರ ವನ್ಯಜೀವಿ ಕಾಯ್ದೆಯಲ್ಲಿ ಸುಮ್ನೆ ಸಿಕ್ಕಿಹಾಕಿಕೊಳ್ಳುತ್ತೀರಿ. ಗೀಜಗನ ಗೂಡಿನ ಬಗ್ಗೆಯೂ ಕೇಳಿದ್ದೀರಿ. ಮಳೆಗಾಲದಲ್ಲಿ ಅವು ಗೂಡು ಕಟ್ಟಿ ಮರಿ ಮಾಡುತ್ತವೆ. ಬಿಟ್ಟುಹೋದ ಗೂಡು ಅಂತ ಕೀಳಬೇಡಿ, ರಾಟವಾಳ ಹಕ್ಕಿಗಳು ಆಮೇಲೆ ಅದರಲ್ಲಿ ಸೇರಿಕೊಳ್ಳುತ್ತವೆ. ನಮ್ಮ ಮನೆಯಲ್ಲಿ ಇರುವುದು ಬೇಸಿಗೆ ಗಾಳಿಗೆ ಬಾವಿಯ ಪಕ್ಕ ಬಿದ್ದದ್ದು. ಎರಡು ದಿನ ಬಿಸಿಲಿಗೆ ಇಟ್ಟು ಒಳಗೆ ತಂದೆ.

ಮೊಳೆ ಹೊಡೆಯುವ ಮೊದಲು ಎಲ್ಲವನ್ನೂ ನೆಲದ ಮೇಲೆ ಜೋಡಿಸಿ ನೋಡಿ, ಅದರಲ್ಲಿ ಅರ್ಧ ತೆಗೆದು ಪಕ್ಕಕ್ಕಿಡಿ. ಬಾಗಿಲು ಯಾವ ದಿಕ್ಕಿಗಿದೆ ಅಂತ ನೀವು ಬರೆದಿಲ್ಲ. ಪಡುವಣ ಗೋಡೆಗೆ ಮಳೆ ಹೊಡೆಯುತ್ತದೆಯಾ ನೋಡಿ ಹೇಳಿ. ಹಾಗಿದ್ದರೆ ಕಂಬಳಿಯನ್ನು ಆ ಗೋಡೆಗೆ ಹಾಕುವುದು ಬೇಡ, ಎದುರಿನ ಗೋಡೆಗೆ ಹಾಕೋಣ.