ಕೋಣೆ ಖಾಲಿ ಮಾಡು ಅಂತಾರೆ, ಕೈಯೇ ಬರ್ತಿಲ್ಲ

ಪ್ರಶ್ನೆ: ನನಗೆ 52 ವರ್ಷ, ಊರು ಧಾರವಾಡ. ಸೀರೆಗೆ ಕುಚ್ಚು ಕಟ್ಟಿಕೊಡುತ್ತೇನೆ, ಕಸೂತಿಯನ್ನೂ ಹಾಕುತ್ತೇನೆ. ಒಂದು ಕೋಣೆ ತುಂಬಾ ಬಟ್ಟೆ ತುಂಡು, ದಾರ, ಮಣಿ, ಕಲಿಯೋಣ ಅಂತ ತಂದಿಟ್ಟ ಬಣ್ಣ, ಅರ್ಧಕ್ಕೆ ಬಿಟ್ಟ ಕೆಲಸ. ಮುಂದಿನ ತಿಂಗಳು ಮಗ, ಸೊಸೆ ಇಲ್ಲಿಗೇ ಬರುತ್ತಾರೆ. ಮನೆಯಿಂದಲೇ ಅವರ ಆಫೀಸ್ ಕೆಲಸ. "ಆ ಕಸ ಎಲ್ಲ ತೆಗೆದು ಹಾಕು" ಅಂತಾರೆ ಯಜಮಾನರು. ತೆಗೆಯೋಕೆ ಕೂತರೆ ಒಂದೊಂದನ್ನೂ ನೋಡಿ ಮತ್ತೆ ಒಳಗೇ ಇಡುತ್ತೇನೆ. ತೀರಿಹೋದ ಅಮ್ಮನ ಸೀರೆಗಳೂ ಅದರಲ್ಲೇ ಇವೆ. ಏನು ಮಾಡಲಿ?

ಉತ್ತರ: ಅಕ್ಕಾ, ಅದು ಕಸ ಅಲ್ಲ. ನೀವು ದುಡಿಯುವ ಜಾಗ. ಹಾಗಂತ ಮಗ, ಸೊಸೆಗೆ ಜಾಗ ಬೇಡವೇ? ಬೇಕು. ಸಾಮಾನು ಕಡಿಮೆ ಆಗಲೇಬೇಕು, ನಿಮ್ಮ ಕೆಲಸಕ್ಕೆ ಮಾತ್ರ ಕುತ್ತು ಬರಬಾರದು.

ಕೈ ಯಾಕೆ ಬರ್ತಿಲ್ಲ ಗೊತ್ತಾ? ಒಂದೊಂದನ್ನೂ ಹಿಡಿದು "ಮುಂದೆ ಬೇಕಾಗಬಹುದಾ?" ಅಂತ ಕೇಳಿಕೊಳ್ಳುತ್ತಿದ್ದೀರಿ. ಆ ಪ್ರಶ್ನೆಗೆ ಯಾವಾಗಲೂ ಹೌದು ಅಂತಲೇ ಉತ್ತರ ಬರುತ್ತೆ. ಹಾಗಾಗಿ ಸಾಮಾನು ಮುಟ್ಟುವ ಮೊದಲು ಒಂದು ಹಾಳೆ ತಗೊಂಡು, ಈ ವರ್ಷ ನೀವು ನಿಜಕ್ಕೂ ಮಾಡಿದ ಕೆಲಸಗಳನ್ನು ಬರೆಯಿರಿ. ಕುಚ್ಚು, ಕಸೂತಿ, ಇನ್ನೇನಾದರೂ ಇದ್ದರೆ ಅದು. ಉಳಿದದ್ದಕ್ಕೆಲ್ಲ, ಅದು ಬಟ್ಟೆ ಮೇಲಿನ ಪೇಂಟಿಂಗ್ ಇರಲಿ, ರೇಷ್ಮೆ ದಾರದ ಬಳೆ ಇರಲಿ, "ಇದನ್ನು ಇನ್ನು ನಾನು ಮಾಡಲ್ಲ" ಅಂತ ಬಾಯಿಬಿಟ್ಟು ಹೇಳಿಕೊಳ್ಳಿ. ಸಂಕಟ ಆಗುವುದು ಇಲ್ಲೇ. ಕಲಿಯಬೇಕು ಅಂತ ಆಸೆಪಟ್ಟು ತಂದಿದ್ದಲ್ವಾ, ಆ ಆಸೆಯನ್ನೇ ಬಿಡಬೇಕಾಗುತ್ತೆ. ಒಂದೆರಡು ದಿನ ಬೇಜಾರಾಗಲಿ ಬಿಡಿ. ಅಷ್ಟು ಆದಮೇಲೆ ಆ ಸಾಮಾನು ಕೈಬಿಡುವುದು ನೀವು ಅಂದುಕೊಂಡಷ್ಟು ಕಷ್ಟ ಆಗಲ್ಲ.

ಗಿರಾಕಿಗಳ ಸೀರೆ ಮೊದಲು ಆ ಕೋಣೆಯಿಂದ ಹೊರಗೆ ಬರಲಿ. ಅವನ್ನು ನಿಮ್ಮ ತುಂಡುಗಳ ಜೊತೆ ಒಂದು ಗಳಿಗೆಯೂ ಇಡಬೇಡಿ. ಒಂದೊಂದು ಸೀರೆಗೂ ಒಂದು ಚೀಲ, ಅದರಲ್ಲಿ ಹೆಸರು, ಕೊಡಬೇಕಾದ ದಿನ ಬರೆದ ಚೀಟಿ. ಬೇರೆಯವರ ರೇಷ್ಮೆ ಸೀರೆ ಎಲ್ಲೋ ಅಡಿಯಲ್ಲಿ ಸಿಕ್ಕಿಕೊಂಡರೆ ನಿಮ್ಮ ಹೆಸರಿಗೇ ಏಟು.

ಆಮೇಲೆ ಕೆಟ್ಟಿರುವುದನ್ನು ತೆಗೆಯಿರಿ. ಬಣ್ಣದ ಬಾಟಲಿ ಅಲ್ಲಾಡಿಸಿ ನೋಡಿ, ಒಳಗೆ ಗಟ್ಟಿಯಾಗಿದ್ದರೆ ಮುಗಿಯಿತು. ಎಲಾಸ್ಟಿಕ್ ಎಳೆದರೆ ವಾಪಸ್ ಬರಬೇಕು. ಹಳೇ ಉಂಡೆಯಿಂದ ಒಂದು ಗೇಣು ದಾರ ಬಿಚ್ಚಿ ಎರಡೂ ಕೈಯಲ್ಲಿ ಜಗ್ಗಿ. ಪಟ್ ಅಂತ ಕಿತ್ತರೆ ಅದು ಹೊಲಿಗೆಯಲ್ಲೂ ಹಾಗೇ ಕೀಳುತ್ತೆ, ಯಾಕೆ ಇಟ್ಟುಕೊಳ್ಳಬೇಕು? ಚೆನ್ನಾಗಿರುವ ಬಣ್ಣ, ಮಣಿಗಳನ್ನು ಹತ್ತಿರದ ಶಾಲೆಯ ಟೀಚರ್‌ಗೆ ಕೊಡಿ. ಮಕ್ಕಳು ಒಂದೇ ವಾರದಲ್ಲಿ ಖಾಲಿ ಮಾಡುತ್ತಾರೆ.

ಕುಚ್ಚಿನ ರೇಷ್ಮೆ ದಾರ ಒಂದಕ್ಕೊಂದು ಸಿಕ್ಕು ಬಿದ್ದಿರುತ್ತೆ, ಅಲ್ವಾ? ರಟ್ಟಿನ ತುಂಡಿಗೆ ಒಂದೊಂದೇ ಬಣ್ಣ ಸುತ್ತಿ, ಅಗಲವಾದ ಡಬ್ಬಿಯಲ್ಲಿ ಸಾಲಾಗಿ ನಿಲ್ಲಿಸಿ. ಸೀರೆ ತಂದವರ ಮುಂದೆ ಮುಚ್ಚಳ ತೆಗೆದರೆ ಅವರೇ ಬಣ್ಣ ಆರಿಸುತ್ತಾರೆ. ಕಸೂತಿಯ ಮ್ಯಾಟಿ ಬಟ್ಟೆಯನ್ನು, ಅಂದರೆ ಎಳೆ ಎಣಿಸೋಕೆ ಬರುವ ಬಟ್ಟೆಯನ್ನು, ಮಡಚಬೇಡಿ, ಸುತ್ತಿಡಿ. ಗಂಟು ಹಾಕದೆ ಎಳೆ ಎಣಿಸಿ ಮಾಡುವ ಕೆಲಸ, ಮಡಿಕೆಯಲ್ಲಿ ಎಳೆ ಸರಿದರೆ ಗವಂತಿ ಹೊಲಿಗೆ ಆಗಲಿ ಮುರಗಿ ಹೊಲಿಗೆ ಆಗಲಿ ಲೆಕ್ಕ ತಪ್ಪುತ್ತೆ. ಇದೆಲ್ಲ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅರ್ಧಕ್ಕೆ ಬಿಟ್ಟ ಕೆಲಸಗಳಲ್ಲಿ ನಿಮಗೆ ತುಂಬಾ ಇಷ್ಟವಾದ ಒಂದನ್ನು ಮಾತ್ರ ಇಟ್ಟುಕೊಳ್ಳಿ.

ಬಟ್ಟೆ ತುಂಡುಗಳಿಗೆ ನಿಮ್ಮ ಕಡೆ ಕೌದಿ ಇದ್ದೇ ಇದೆಯಲ್ಲ, ಹಳೇ ಬಟ್ಟೆ ಸೇರಿಸಿ ಹೊಲಿಯುವ ಹೊದಿಕೆ. ಅಂಗೈಗಿಂತ ಚಿಕ್ಕದನ್ನು ದಿಂಬಿನೊಳಗೆ ತುಂಬಿಸಿ, ದೊಡ್ಡ ಹತ್ತಿ ತುಂಡುಗಳನ್ನು ಕೌದಿಗೆ ಎತ್ತಿಡಿ. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳು ಇಂಥ ತುಂಡುಗಳನ್ನೇ ಸೇರಿಸಿ, ಅಂಚಿನಿಂದ ಶುರು ಮಾಡಿ ಸುತ್ತುತ್ತಾ ನಡುವಿಗೆ ಬರುವ ಹಾಗೆ ಕೌದಿ ಹೊಲಿಯುತ್ತಾರೆ. ಎಷ್ಟು ಚೆಂದ ಇರುತ್ತೆ! ಆದರೆ ನೀವೇ ಹೊಲಿಯುತ್ತೇನೆ ಅಂತ ಮಾತ್ರ ಹೊರಡಬೇಡಿ. ಮತ್ತೊಂದು ಮೂಟೆ ಮಂಚದ ಕೆಳಗೆ ಸೇರುತ್ತೆ. ಕೌದಿ ಹೊಲಿಯುವವರನ್ನು ಹುಡುಕಿ, ಕೂಲಿ ಕೊಟ್ಟು ಹೊಲಿಸಿ.

ಅಮ್ಮನ ಸೀರೆಗಳನ್ನು ಕೊನೆಯವರೆಗೂ ಮುಟ್ಟಬೇಡಿ. ಅವು ಕೆಲಸದ ಸಾಮಾನೇ ಅಲ್ಲ, ತಪ್ಪು ಜಾಗದಲ್ಲಿವೆ ಅಷ್ಟೇ. ನಿಮ್ಮ ಅಲ್ಮೇರಾಕ್ಕೆ ತನ್ನಿ. ಒಗೆದ ಬಿಳಿ ಹತ್ತಿ ಬಟ್ಟೆಯಲ್ಲಿ ಸುತ್ತಿ, ಆಗಾಗ ತೆಗೆದು ಮಡಿಕೆ ಬದಲಿಸಿ. ನುಸಿಗುಳಿಗೆ ಜರಿಗೆ ತಾಗಿದರೆ ಜರಿ ಕಪ್ಪಾಗುತ್ತೆ, ಒಣಗಿದ ಬೇವಿನ ಎಲೆ ಸಾಕು. ಹರಿದ ಇಳಕಲ್ ಸೀರೆ ಇದ್ದರೆ ಅದೂ ಆ ಕೌದಿಗೇ ಸೇರಲಿ, ಹೊದ್ದುಕೊಳ್ಳಬಹುದು. ಹಳೇ ಬಟ್ಟೆಗೆ ಪಾತ್ರೆ ಕೊಡುವವರ ಕೈಗೆ ಮೈಸೂರು ಸಿಲ್ಕ್ ಮಾತ್ರ ಹಾಕಬೇಡಿ. ಸರ್ಕಾರಿ ಕಾರ್ಖಾನೆಯ ಮೈಸೂರು ಸಿಲ್ಕ್‌ನ ಜರಿಯಲ್ಲಿ ಶೇ. 65 ಬೆಳ್ಳಿ, ಶೇ. 0.65 ಚಿನ್ನ ಇರುತ್ತೆ. ಮೈ ಹರಿದಿದ್ದರೂ ಅಂಚು, ಸೆರಗು ತೆಗೆದು ಇಟ್ಟುಕೊಳ್ಳಿ.

ಇನ್ನು ಯಜಮಾನರ ವಿಷಯ. ಇಷ್ಟನ್ನೂ ಮಾಡಿದ ಮೇಲೆ "ಎಲ್ಲ ಅಟ್ಟಕ್ಕೆ ಹಾಕು" ಅಂದರೆ ಒಪ್ಪಬೇಡಿ. ನಿಮ್ಮ ಕೆಲಸದ ಸಾಮಾನಿಗೆ ಒಂದು ಅಲ್ಮೇರಾ ಬೇಕು, ಕಿಟಕಿ ಪಕ್ಕ ಕೂರುವ ಜಾಗ ಬೇಕು. ಕಸೂತಿಗೆ ಹಗಲು ಬೆಳಕು ಬೇಕೇ ಬೇಕು, ಅದಿಲ್ಲದೆ ಕಣ್ಣಿಗೆ ಆಯಾಸ ಆಗುತ್ತೆ. ಮಗ ಲ್ಯಾಪ್‌ಟಾಪ್ ಇಟ್ಟುಕೊಂಡು ದುಡಿಯೋಕೆ ಜಾಗ ಮಾಡುವ ಮನೆಯಲ್ಲಿ, ದಾರ ಹಿಡಿದು ದುಡಿಯುವ ತಾಯಿಗೂ ಜಾಗ ಇರಬೇಕು. ಇದನ್ನು ಯಜಮಾನರ ಮೂಲಕ ಹೇಳಿಸಬೇಡಿ. ಮಗ, ಸೊಸೆ ಬರುವ ಮೊದಲೇ ನೀವೇ ಮಗನಿಗೆ ಫೋನ್ ಮಾಡಿ, ಸೊಸೆಯೂ ಕೇಳಿಸಿಕೊಳ್ಳುವ ಹಾಗೆ, ಯಾವ ಮೂಲೆ ಯಾರಿಗೆ ಅಂತ ಮಾತಾಡಿಕೊಳ್ಳಿ.